ಸಿ. ಕೆ. ಪ್ರಹ್ಲಾದ್: ಬೆಲೆಯಿಂದ ಆರಂಭವಾಗುವ ಲೆಕ್ಕ

ವಿಜ್ಞಾನ ಮಾಸಿಕದಲ್ಲಿ ವ್ಯವಹಾರ ಕಾರ್ಯತಂತ್ರದ ಪ್ರಾಧ್ಯಾಪಕರೊಬ್ಬರ ಬಗ್ಗೆ ಲೇಖನವೇಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಚಿಕ್ಕದು: ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಿಗೆ ಸಲಹೆಗಾರರಾಗಿದ್ದ ಸಿ. ಕೆ. ಪ್ರಹ್ಲಾದ್ (1941–2010) ಅವರ ಮೊದಲ ಪದವಿ ಭೌತವಿಜ್ಞಾನದಲ್ಲಿ. ಎರಡನೆಯದು ಹೆಚ್ಚು ಮುಖ್ಯವಾದುದು. ತಮ್ಮ ಜೀವನದ ಕೊನೆಯ ಹತ್ತು ಹನ್ನೆರಡು ವರ್ಷಗಳಲ್ಲಿ ಅವರು ಎತ್ತಿದ ಪ್ರಶ್ನೆಗೆ ಉತ್ತರಿಸಬೇಕಾದವರು ವ್ಯಾಪಾರಿಗಳಿಗಿಂತ ಹೆಚ್ಚಾಗಿ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು. ಪ್ರಶ್ನೆ ಹೀಗಿದೆ: ದಿನಕ್ಕೆ ಎರಡು ಡಾಲರಿಗಿಂತ ಕಡಿಮೆ ಆದಾಯದಲ್ಲಿ ಬದುಕುವ ಮನುಷ್ಯನಿಗೆ ಒಳ್ಳೆಯ ಕಣ್ಣಿನ ಮಸೂರ, ಶುದ್ಧ ನೀರು, ಗಟ್ಟಿಯಾದ ಕೃತಕ ಕಾಲು ಇವೆಲ್ಲ ಅವನು ಕೊಡಬಲ್ಲ ಬೆಲೆಗೆ ಸಿಗುವಂತೆ ಮಾಡಲು ಸಾಧ್ಯವೇ? ಸಾಧ್ಯವಾದರೆ, ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕು?

ಈ ಪ್ರಶ್ನೆಗೆ ಪ್ರಹ್ಲಾದ್ ಹೇಗೆ ಬಂದರು, ಅವರ ಉತ್ತರ ಎಷ್ಟರ ಮಟ್ಟಿಗೆ ನಿಂತಿತು ಎಂಬುದನ್ನು ಇಲ್ಲಿ ನೋಡೋಣ.

ಭೌತವಿಜ್ಞಾನದಿಂದ ಕಾರ್ಖಾನೆಗೆ

ಕೊಯಮತ್ತೂರು ಕೃಷ್ಣರಾವ್ ಪ್ರಹ್ಲಾದ್ ಹುಟ್ಟಿದ್ದು 1941ರ ಆಗಸ್ಟ್ 8ರಂದು, ಕೊಯಮತ್ತೂರಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ. ಹನ್ನೊಂದು ಮಕ್ಕಳಲ್ಲಿ ಅವರು ಒಂಬತ್ತನೆಯವರು. ತಂದೆ ನ್ಯಾಯಾಧೀಶರು, ಸಂಸ್ಕೃತ ವಿದ್ವಾಂಸರು. ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, ಹತ್ತೊಂಬತ್ತನೆಯ ವಯಸ್ಸಿಗೇ ಬಿ.ಎಸ್‌ಸಿ. ಪದವಿ ಪಡೆದರು.

ಆ ಕಾಲದ ಜಾಣ ವಿದ್ಯಾರ್ಥಿಗಳಂತೆ ಎಂ.ಎಸ್‌ಸಿ.ಗೆ ಹೋಗದೆ ಅವರು ಮದರಾಸಿನಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಬ್ಯಾಟರಿ ಕಾರ್ಖಾನೆ ಸೇರಿದರು. ಅಲ್ಲಿ ನಾಲ್ಕು ವರ್ಷ ದುಡಿದರು. ಟಾರ್ಚಿನ ಸೆಲ್ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ವಿದ್ಯುತ್ ಚಾಲಕ ಬಲದ ಒಂದು ಉದಾಹರಣೆ ಮಾತ್ರ. ಕಾರ್ಖಾನೆಯಲ್ಲಿ ಅದೇ ಸೆಲ್ ಕಚ್ಚಾವಸ್ತು, ಕಾರ್ಮಿಕರ ಕೂಲಿ, ಒಂದು ಪಾಳಿಯಲ್ಲಿ ಎಷ್ಟು ತಯಾರಾಗಬೇಕು ಎಂಬ ಲೆಕ್ಕ, ಹಳ್ಳಿಯ ಅಂಗಡಿಯಲ್ಲಿ ಅದಕ್ಕೆ ಸಿಗುವ ಬೆಲೆ ಇವೆಲ್ಲವೂ ಆಗಿರುತ್ತದೆ. ಈ ನಾಲ್ಕು ವರ್ಷಗಳು ತಮ್ಮ ಬದುಕಿನ ದಿಕ್ಕನ್ನು ತಿರುಗಿಸಿದವು ಎಂದು ಪ್ರಹ್ಲಾದ್ ಮುಂದೆ ಹೇಳುತ್ತಿದ್ದರು.

ಅಹಮದಾಬಾದ್, ಹಾರ್ವರ್ಡ್, ಮಿಷಿಗನ್

1964ರಲ್ಲಿ ಅವರು ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಗೆ ಸೇರಿದರು. ಸ್ನಾತಕೋತ್ತರ ಶಿಕ್ಷಣಕ್ಕೆ ಅದೇ ಅಲ್ಲಿನ ಮೊದಲ ತಂಡ. 1961ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರು ವಿಕ್ರಮ್ ಸಾರಾಭಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಸಂಶೋಧನೆ ಮಾಡಿದ್ದ ಭೌತವಿಜ್ಞಾನಿ ಅವರು. ಅವರ ಮುಂದಾಳುತನದಲ್ಲಿ ಬೆಳೆದ ನಿರ್ವಹಣಾ ಶಾಲೆಗೆ ಭೌತವಿಜ್ಞಾನದ ಪದವೀಧರನೊಬ್ಬ ಮೊದಲ ತಂಡದಲ್ಲೇ ಬಂದದ್ದು ಆಕಸ್ಮಿಕವಿರಬಹುದು. ಆದರೆ ಆ ದಶಕದಲ್ಲಿ ವಿಜ್ಞಾನ, ಕೈಗಾರಿಕೆ, ರಾಷ್ಟ್ರನಿರ್ಮಾಣ ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಬರುತ್ತಿದ್ದವು ಎಂಬುದನ್ನು ಇದು ನೆನಪಿಸುತ್ತದೆ.

1966ರಲ್ಲಿ ಅಲ್ಲಿಂದ ಹೊರಬಂದ ಪ್ರಹ್ಲಾದ್ ಮುಂದೆ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೆ ಹೋದರು. ಹಲವು ದೇಶಗಳಲ್ಲಿ ಹರಡಿಕೊಂಡ ಕಂಪನಿಗಳ ಆಡಳಿತದ ಮೇಲೆ ಎರಡೂವರೆ ವರ್ಷಗಳಲ್ಲೇ ಪ್ರಬಂಧ ಮುಗಿಸಿ, 1975ರಲ್ಲಿ ಡಾಕ್ಟರೇಟ್ ಪಡೆದರು. ಭಾರತಕ್ಕೆ ಮರಳಿ ಅಹಮದಾಬಾದಿನಲ್ಲೇ ಪಾಠ ಹೇಳಿದರಾದರೂ ಹೆಚ್ಚು ಕಾಲ ನಿಲ್ಲಲಿಲ್ಲ. 1977ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಕೊನೆಯವರೆಗೂ ಅದೇ ಅವರ ವಿದ್ಯಾಸಂಸ್ಥೆಯಾಗಿ ಉಳಿಯಿತು.

ಅವರ ಮೊದಲ ಮುಖ್ಯ ಬರಹಗಳಲ್ಲಿ ಒಂದು 1986ರದು. ರಿಚರ್ಡ್ ಬೆಟಿಸ್ ಅವರೊಡನೆ ಬರೆದ ಈ ಲೇಖನದ ತಿರುಳನ್ನು ಹೀಗೆ ಹೇಳಬಹುದು: ಒಂದು ವ್ಯಾಪಾರದಲ್ಲಿ ಗೆದ್ದ ಅಧಿಕಾರಿಗಳ ತಲೆಯಲ್ಲಿ ಆ ಗೆಲುವಿನ ತರ್ಕವೇ ನೆಲೆಯೂರುತ್ತದೆ. ಪರಿಸ್ಥಿತಿ ಬದಲಾದರೂ ಅವರು ಹೊಸ ಮಾಹಿತಿಯನ್ನು ಹಳೆಯ ತರ್ಕದ ಜರಡಿಯಲ್ಲೇ ಸೋಸುತ್ತಾರೆ. ವಿಜ್ಞಾನದ ಇತಿಹಾಸ ಓದಿದವರಿಗೆ ಈ ಮಾತು ಪರಿಚಿತ. ಬೆಳಕಿನ ಸಂಚಾರಕ್ಕೆ ಈಥರ್ ಬೇಕೇ ಬೇಕು ಎಂದು ನಂಬಿದ್ದವರು ಮೈಕಲ್ಸನ್ ಮತ್ತು ಮಾರ್ಲಿ ಅವರ ಪ್ರಯೋಗದ ನಂತರವೂ ಈಥರನ್ನು ಉಳಿಸಲು ವರ್ಷಗಟ್ಟಲೆ ಹೆಣಗಿದರಲ್ಲವೇ? ಬಡವರ ಮಾರುಕಟ್ಟೆ ಕಂಪನಿಗಳ ಕಣ್ಣಿಗೆ ಏಕೆ ಬೀಳುವುದಿಲ್ಲ ಎಂಬುದಕ್ಕೆ ಪ್ರಹ್ಲಾದ್ ಮುಂದೆ ಕೊಟ್ಟ ಕಾರಣವೂ ಇದೇ.

ಬೇರು ಮತ್ತು ಎಲೆ

ಪ್ರಹ್ಲಾದ್ ಹೆಸರನ್ನು ಜಗತ್ತಿಗೆ ತಿಳಿಸಿದ್ದು 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಒಂದು ಲೇಖನ. ಮಿಷಿಗನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಗ್ಯಾರಿ ಹ್ಯಾಮೆಲ್ ಅದರ ಸಹಲೇಖಕರು. ಕಂಪನಿಯೆಂದರೆ ಅದು ಮಾರುವ ವಸ್ತುಗಳ ಪಟ್ಟಿಯಲ್ಲ, ಅದರ ಒಳಗೆ ಕೂಡಿ ಬೆಳೆದ ತಾಂತ್ರಿಕ ಕೌಶಲಗಳ ಮೊತ್ತ ಎಂಬುದು ಅವರ ವಾದ. ಇದಕ್ಕೆ ಅವರು ಮರದ ಹೋಲಿಕೆ ಕೊಟ್ಟರು. ಅಂಗಡಿಯಲ್ಲಿ ಕಾಣುವ ಸರಕುಗಳು ಎಲೆ, ಹೂ, ಹಣ್ಣು. ಮರವನ್ನು ಹಿಡಿದು ನಿಲ್ಲಿಸುವುದು ಕಣ್ಣಿಗೆ ಕಾಣದ ಬೇರು. ಆ ಬೇರಿಗೆ ಅವರಿಟ್ಟ ಹೆಸರನ್ನು ಕನ್ನಡದಲ್ಲಿ ‘ಮೂಲ ಸಾಮರ್ಥ್ಯ’ ಎನ್ನಬಹುದು.

ಜಪಾನಿನ ಕ್ಯಾನನ್ ಕಂಪನಿಯ ಉದಾಹರಣೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. ಕ್ಯಾಮೆರಾ, ನಕಲು ಯಂತ್ರ, ಲೇಸರ್ ಪ್ರಿಂಟರ್ ಇವು ಮೂರೂ ಬೇರೆ ಬೇರೆ ವಸ್ತುಗಳು, ಕೊಳ್ಳುವವರೂ ಬೇರೆ. ಆದರೆ ಮೂರರ ಹಿಂದೆಯೂ ದೃಗ್ವಿಜ್ಞಾನ, ಅತಿ ನಿಖರ ಯಂತ್ರಭಾಗಗಳ ತಯಾರಿಕೆ, ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಎಂಬ ಮೂರೇ ಬೇರುಗಳಿವೆ. ಮೇಜಿನ ಮೇಲಿಡುವ ಲೇಸರ್ ಪ್ರಿಂಟರುಗಳ ಒಳಗಿನ ಮುಖ್ಯ ಯಂತ್ರಭಾಗದ ತಯಾರಿಕೆಯಲ್ಲಿ ಆಗ ಜಗತ್ತಿನ ಶೇ. 84ರಷ್ಟು ಪಾಲು ಕ್ಯಾನನ್‌ನದು ಎಂದು ಲೇಖಕರು ಬರೆದರು. ಹೊರಗೆ ಬೇರೆ ಕಂಪನಿಯ ಹೆಸರಿದ್ದರೂ ಒಳಗಿನ ಯಂತ್ರ ಇವರದು. ಮೋಟರ್ ಸೈಕಲ್, ಕಾರು, ಹುಲ್ಲು ಕತ್ತರಿಸುವ ಯಂತ್ರ, ಜನರೇಟರ್ ಎಲ್ಲವನ್ನೂ ಮಾಡುವ ಹೋಂಡಾ ಕಂಪನಿಯ ಬೇರು ಎಂಜಿನ್.

ಲೇಖನದ ಆರಂಭದಲ್ಲೇ ಎರಡು ಕಂಪನಿಗಳ ಹೋಲಿಕೆಯಿತ್ತು. 1980ರಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ಜಿಟಿಇ 998 ಕೋಟಿ ಡಾಲರ್ ವಹಿವಾಟು ನಡೆಸುತ್ತಿತ್ತು, ಜಪಾನಿನ ಎನ್‌ಇಸಿ ಕೇವಲ 380 ಕೋಟಿ. 1988ಕ್ಕೆ ಲೆಕ್ಕ ತಿರುಗಿತ್ತು: ಜಿಟಿಇ 1646 ಕೋಟಿ, ಎನ್‌ಇಸಿ 2189 ಕೋಟಿ. ಗಣಕಯಂತ್ರ ಮತ್ತು ಸಂಪರ್ಕ ಸಾಧನ ಎರಡೂ ಒಂದಾಗುತ್ತವೆ, ಎರಡಕ್ಕೂ ಅರೆವಾಹಕವೇ ಬೇರು ಎಂದು ಎನ್‌ಇಸಿ ಮೊದಲೇ ಗುರುತಿಸಿ ಅದರಲ್ಲಿ ಹಣ ಹೂಡಿದ್ದೇ ಈ ಗೆಲುವಿಗೆ ಕಾರಣ ಎಂಬುದು ಅವರ ವಿವರಣೆ.

ಇಲ್ಲಿ ವಿಜ್ಞಾನದ ಶಿಕ್ಷಕರು ಒಂದು ಪ್ರಶ್ನೆ ಕೇಳಲೇಬೇಕು. ಆದದ್ದನ್ನು ವಿವರಿಸುವುದು ಬೇರೆ, ಆಗುವುದನ್ನು ಮುಂದಾಗಿ ಹೇಳುವುದು ಬೇರೆ. ಎನ್‌ಇಸಿಯ ಬೇರು ಅಷ್ಟು ಗಟ್ಟಿಯಾಗಿದ್ದರೆ ಮರ ಮುಂದೆಯೂ ಬೆಳೆಯಬೇಕಿತ್ತು. ಆದದ್ದೇನು? 1999ರಲ್ಲಿ ಎನ್‌ಇಸಿ ತನ್ನ ಮೆಮೊರಿ ಚಿಪ್ ಉದ್ಯಮವನ್ನು ಹಿಟಾಚಿಯೊಡನೆ ಸೇರಿಸಿತು. ಹಾಗೆ ಹುಟ್ಟಿದ ಎಲ್ಪಿಡಾ ಕಂಪನಿ 2012ರಲ್ಲಿ ದಿವಾಳಿಯಾಯಿತು. ಎನ್‌ಇಸಿಯ ಗಣಕಯಂತ್ರ ವ್ಯಾಪಾರ 2011ರಲ್ಲಿ ಚೀನಾದ ಲೆನೊವೊ ಜೊತೆಗಿನ ಜಂಟಿ ಉದ್ಯಮಕ್ಕೆ ಸೇರಿತು. ಸೋತ ಜಿಟಿಇಯಾದರೋ 2000ದಲ್ಲಿ ಬೆಲ್ ಅಟ್ಲಾಂಟಿಕ್ ಜೊತೆಗೂಡಿ ವೆರೈಝನ್ ಎಂಬ ದೈತ್ಯ ಕಂಪನಿಯಾಯಿತು. ‘ಮೂಲ ಸಾಮರ್ಥ್ಯ’ ಒಳ್ಳೆಯ ನೋಟ. ಆದರೆ ಕೆಪ್ಲರನ ನಿಯಮ ಗ್ರಹಣದ ದಿನವನ್ನು ಹೇಳಿಕೊಡುವಂತೆ ಅದು ಕಂಪನಿಯ ಭವಿಷ್ಯವನ್ನು ಹೇಳಿಕೊಡದು.

ಸಲಹೆಗಾರರಾಗಿ

ವ್ಯವಹಾರ ಕಾರ್ಯತಂತ್ರದ ಪ್ರಾಧ್ಯಾಪಕರಿಗೆ ಪ್ರಯೋಗಾಲಯವೆಂದರೆ ಕಂಪನಿಗಳೇ. 1990ರಲ್ಲಿ ಭಾರಿ ನಷ್ಟದಲ್ಲಿದ್ದ ಹಾಲೆಂಡಿನ ಫಿಲಿಪ್ಸ್ ಕಂಪನಿಯ ಪುನಶ್ಚೇತನಕ್ಕೆ ಅದರ ಮುಖ್ಯಸ್ಥ ಯಾನ್ ಟಿಮ್ಮರ್ ಪ್ರಹ್ಲಾದರ ನೆರವು ಪಡೆದರು. ಕಂಪನಿ ಚೇತರಿಸಿಕೊಂಡಿತು, ಆದರೆ ಆ ಕಾರ್ಯಕ್ರಮದಲ್ಲಿ ಹತ್ತಾರು ಸಾವಿರ ನೌಕರರು ಕೆಲಸ ಕಳೆದುಕೊಂಡರು. ಪ್ರಯೋಗಾಲಯದ ಲೋಲಕಕ್ಕೆ ನೋವಾಗುವುದಿಲ್ಲ. ಇಂಥ ಪ್ರಯೋಗಾಲಯದಲ್ಲಿ ಹಾಗಲ್ಲ.

ಸ್ವತಃ ಉದ್ಯಮ ನಡೆಸುವ ಪ್ರಯತ್ನವನ್ನೂ ಪ್ರಹ್ಲಾದ್ ಮಾಡಿದರು. ಗಣಕವಿಜ್ಞಾನಿ ರಮೇಶ್ ಜೈನ್ ಅವರೊಡನೆ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ‘ಪ್ರಜಾ’ ಎಂಬ ಕಂಪನಿ ಕಟ್ಟಿದರು. ಸಾಮಾನ್ಯ ಜನರಿಗೆ ಮಾಹಿತಿಯನ್ನು ಅವರಿಗೆ ಬೇಕಾದ ರೀತಿಯಲ್ಲಿ ತಲುಪಿಸುವುದು ಅದರ ಗುರಿ. ಅದೇ ಹೊತ್ತಿಗೆ ಅಂತರಜಾಲ ಕಂಪನಿಗಳ ಷೇರುಪೇಟೆ ಕುಸಿಯಿತು. ಪ್ರಜಾ ಗೆಲ್ಲಲಿಲ್ಲ. 2002ರಲ್ಲಿ ಬೇರೊಂದು ಕಂಪನಿ ಅದನ್ನು ಕೊಂಡಿತು.

ಅವರ ಸಲಹೆಯ ಒಂದು ಫಲ ಬೆಂಗಳೂರಿನಲ್ಲೇ ಕಾಣಿಸಿಕೊಂಡಿತು. ಟಾಟಾ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿ 2004ರಲ್ಲಿ ವೈಟ್‌ಫೀಲ್ಡಿನಲ್ಲಿ ‘ಇಂಡಿಒನ್’ ಎಂಬ ಹೋಟೆಲ್ ತೆರೆಯಿತು. ಕೋಣೆಯ ಬಾಡಿಗೆ ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಇರಬೇಕು, ಹಾಸಿಗೆ ಮತ್ತು ಶೌಚಾಲಯದ ಶುಚಿತ್ವದಲ್ಲಿ ರಾಜಿ ಇರಬಾರದು ಎಂದು ಮೊದಲೇ ನಿಗದಿಯಾಗಿತ್ತು. ಉಳಿದ ವೆಚ್ಚಗಳನ್ನೆಲ್ಲ ಅದಕ್ಕೆ ಹೊಂದಿಸಲಾಯಿತು. ಈ ಹೋಟೆಲ್ ಸರಣಿಗೆ ಆಮೇಲೆ ‘ಜಿಂಜರ್’ ಎಂಬ ಹೆಸರು ಬಂತು. ಬೆಲೆಯನ್ನು ಮೊದಲು ಬರೆದು ಲೆಕ್ಕ ಮಾಡುವ ಈ ಕ್ರಮ ಪ್ರಹ್ಲಾದರ ಕೊನೆಯ ಮತ್ತು ಮುಖ್ಯ ಕೆಲಸದ ತಿರುಳು.

ಪಿರಮಿಡ್ಡಿನ ತಳ

ಜಗತ್ತಿನ ಜನಸಂಖ್ಯೆಯನ್ನು ಆದಾಯಕ್ಕೆ ತಕ್ಕಂತೆ ಜೋಡಿಸಿದರೆ ಪಿರಮಿಡ್ಡಿನ ಆಕಾರ ಬರುತ್ತದೆ. ತುದಿಯಲ್ಲಿ ಕೆಲವರು, ತಳದಲ್ಲಿ 400 ಕೋಟಿ ಜನ. ಸ್ಟುವರ್ಟ್ ಹಾರ್ಟ್ ಅವರೊಡನೆ 2002ರಲ್ಲಿ ಪ್ರಕಟಿಸಿದ ಲೇಖನದಲ್ಲೂ 2004ರಲ್ಲಿ ಬಂದ ತಮ್ಮ ಪುಸ್ತಕದಲ್ಲೂ ಪ್ರಹ್ಲಾದ್ ಈ ತಳದ ಬಗ್ಗೆ ಬರೆದರು. ಬಡವರನ್ನು ದಾನಕ್ಕೆ ಕೈಯೊಡ್ಡುವವರೆಂದು ನೋಡುವುದನ್ನು ಬಿಡಿ, ಆಯ್ಕೆ ಮಾಡಬಲ್ಲ ಗ್ರಾಹಕರೆಂದು ನೋಡಿ ಎಂಬುದು ಅವರ ಕರೆ.

ಬಡವರು ವಾಸ್ತವವಾಗಿ ಹೆಚ್ಚು ಬೆಲೆ ತೆರುತ್ತಾರೆ ಎಂಬುದನ್ನು ಅವರು ಮುಂಬಯಿಯ ಧಾರಾವಿ ಕೊಳೆಗೇರಿಯನ್ನು ಸಿರಿವಂತರ ವಾರ್ಡನ್ ರಸ್ತೆಯೊಡನೆ ಹೋಲಿಸಿ ತೋರಿಸಿದರು. ಧಾರಾವಿಯಲ್ಲಿ ಅಕ್ಕಿಗೆ 1.2 ಪಟ್ಟು, ಅತಿಸಾರದ ಔಷಧಕ್ಕೆ 10 ಪಟ್ಟು, ನೀರಿಗೆ 37 ಪಟ್ಟು, ಸಾಲದ ಬಡ್ಡಿಗೆ 53 ಪಟ್ಟು ಹೆಚ್ಚು ಕೊಡಬೇಕಾಗಿತ್ತು. ಇದನ್ನು ಅವರು ಬಡತನಕ್ಕೆ ತೆರುವ ದಂಡವೆಂದು ಕರೆದರು.

ಹಾಗಾದರೆ ಮಾಡಬೇಕಾದದ್ದೇನು? ಸಾಮಾನ್ಯವಾಗಿ ಕಂಪನಿಗಳು ಮಾಡುವ ಲೆಕ್ಕ ಹೀಗಿರುತ್ತದೆ:

ವೆಚ್ಚ + ಲಾಭ = ಬೆಲೆ

ಪ್ರಹ್ಲಾದ್ ಅದನ್ನು ಹೀಗೆ ಬರೆಯಿರಿ ಎಂದರು:

ಬೆಲೆ – ಲಾಭ = ವೆಚ್ಚ

ಬೀಜಗಣಿತದಲ್ಲಿ ಎರಡೂ ಒಂದೇ. ವ್ಯತ್ಯಾಸವಿರುವುದು ಯಾವುದನ್ನು ದತ್ತವೆಂದು ಹಿಡಿಯುತ್ತೇವೆ, ಯಾವುದನ್ನು ಕಂಡುಹಿಡಿಯಬೇಕು ಎಂಬುದರಲ್ಲಿ. ಮೊದಲ ಸಮೀಕರಣದಲ್ಲಿ ವೆಚ್ಚ ದತ್ತ, ಬೆಲೆ ಫಲಿತಾಂಶ. ಎರಡನೆಯದರಲ್ಲಿ ಬಡವನು ಕೊಡಬಲ್ಲ ಬೆಲೆಯೇ ದತ್ತ. ಆ ವೆಚ್ಚದೊಳಗೆ ವಸ್ತುವನ್ನು ತಯಾರಿಸುವ ದಾರಿಯನ್ನು ವಿಜ್ಞಾನಿ ಹುಡುಕಬೇಕು.

2006ರ ಲೇಖನವೊಂದರಲ್ಲಿ ಅವರು ಇದನ್ನು ನಾಲ್ಕು ಷರತ್ತುಗಳಾಗಿ ವಿಸ್ತರಿಸಿದರು. ಗುಣಮಟ್ಟ ಜಗತ್ತಿನ ಅತ್ಯುತ್ತಮ ಮಟ್ಟದ್ದಾಗಿರಬೇಕು. ಬೆಲೆ ಪಶ್ಚಿಮದ ದೇಶಗಳಲ್ಲಿರುವುದಕ್ಕಿಂತ ಕನಿಷ್ಠ ಶೇ. 90ರಷ್ಟು ಕಡಿಮೆಯಾಗಬೇಕು. ಲಕ್ಷಾಂತರ ಜನಕ್ಕೆ ವಿಸ್ತರಿಸುವಂತಿರಬೇಕು. ತಳದ ಜನರಿಗೆ ಎಟುಕಬೇಕು. ಈ ನಾಲ್ಕು ಗೆರೆಗಳ ಒಳಗೆ ಮಾತ್ರ ಆಡಬೇಕು, ಆದರೆ ಒಳಗೆ ಬೇಕಾದಂತೆ ಆಡಬಹುದು.

ಭೌತವಿಜ್ಞಾನದ ತರಗತಿಯಲ್ಲಿ ನಾವು ಬೌಂಡರಿ ಕಂಡಿಷನ್ ಎಂದು ಹೇಳುವ ಎಲ್ಲೆಯ ಷರತ್ತು ಇದೇ ಅಲ್ಲವೇ? ಎಳೆದ ತಂತಿಯ ಕಂಪನದ ಸಮೀಕರಣಕ್ಕೆ ಲೆಕ್ಕವಿಲ್ಲದಷ್ಟು ಪರಿಹಾರಗಳಿವೆ. ತಂತಿಯ ಎರಡು ತುದಿಗಳೂ ಬಿಗಿಯಾಗಿವೆ ಎಂದು ಹೇಳಿದೊಡನೆ ಕೆಲವು ಆವೃತ್ತಿಗಳು ಮಾತ್ರ ಉಳಿಯುತ್ತವೆ. ವೀಣೆಯ ಸ್ವರ ಹುಟ್ಟುವುದು ಆ ನಿರ್ಬಂಧದಿಂದ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಎಲ್ಲೆಯ ಷರತ್ತು ಹಾಕಿದ ಮಾತ್ರಕ್ಕೆ ಪರಿಹಾರ ಇದ್ದೇ ಇರುತ್ತದೆ ಎಂಬ ಖಾತರಿಯಿಲ್ಲ. ಇದೆಯೋ ಇಲ್ಲವೋ ಎಂಬುದನ್ನು ಪ್ರತಿಯೊಂದು ಸಲವೂ ಪರೀಕ್ಷಿಸಬೇಕು.

ಪರಿಹಾರ ಸಿಕ್ಕ ಎರಡು ಕಡೆ

ಪ್ರಹ್ಲಾದ್ ಮತ್ತೆ ಮತ್ತೆ ಕೊಡುತ್ತಿದ್ದ ಉದಾಹರಣೆ ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆ. ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳೊಡನೆ ಇದನ್ನು ಆರಂಭಿಸಿದರು. ಇದರ ಹಿನ್ನೆಲೆಯಲ್ಲಿ ಸ್ವಾರಸ್ಯದ ವಿಜ್ಞಾನವಿದೆ. ಕಣ್ಣಿನ ಪೊರೆಗೆ ಹಿಂದೆ ಮಸೂರವನ್ನು ತೆಗೆದು, ದಪ್ಪನೆಯ ಪೀನಮಸೂರದ ಕನ್ನಡಕ ಕೊಡುತ್ತಿದ್ದರು. ಅದರಲ್ಲಿ ಬಿಂಬ ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದವರಿಗೆ ಎರಡು ಕಣ್ಣುಗಳ ಬಿಂಬಗಳು ಕೂಡಿಕೊಳ್ಳುವುದೇ ಇಲ್ಲ. ಇದಕ್ಕೆ ಉಪಾಯ ಕಣ್ಣಿನ ಒಳಗೇ ಮಸೂರ ಕೂರಿಸುವುದು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರ ಕಣ್ಣಿಗೆ ಹೊಕ್ಕ ಪಾರದರ್ಶಕ ಪ್ಲಾಸ್ಟಿಕ್ಕಿನ ಚೂರುಗಳಿಂದ ಕಣ್ಣು ಕೆರಳಲಿಲ್ಲ ಎಂಬುದನ್ನು ಗಮನಿಸಿದ್ದ ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಇಂಥ ಮೊದಲ ಮಸೂರ ಕೂರಿಸಿದರು. ಆ ಪ್ಲಾಸ್ಟಿಕ್ ಪಾಲಿಮೀಥೈಲ್ ಮೆಥಾಕ್ರಿಲೇಟ್. ಅದರ ವಕ್ರೀಭವನ ಸೂಚ್ಯಂಕ 1.49. ಸುತ್ತಲಿನ ಕಣ್ಣಿನ ದ್ರವದ ಸೂಚ್ಯಂಕ ಸುಮಾರು 1.34. ಈ ಅಂತರವೇ ಮಸೂರಕ್ಕೆ ಶಕ್ತಿ ಕೊಡುವುದು.

ವಿದೇಶದಿಂದ ಬರುವ ಇಂಥ ಮಸೂರಕ್ಕೆ ಸುಮಾರು 100 ಡಾಲರ್ ಬೆಲೆಯಿತ್ತು. ಅರವಿಂದ ಸಂಸ್ಥೆ 1992ರಲ್ಲಿ ಆರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ಸ್ಥಾಪಿಸಿ, ಮೊದಲು ಸುಮಾರು 10 ಡಾಲರಿಗೆ, ನಂತರ ಅದರ ಅರ್ಧಕ್ಕಿಂತಲೂ ಕಡಿಮೆಗೆ ತಯಾರಿಸಿತು. ಮಸೂರದ ಗುಣಮಟ್ಟ ಕುಗ್ಗಲಿಲ್ಲ. ಜೊತೆಗೆ ಶಸ್ತ್ರಚಿಕಿತ್ಸೆಯ ಕ್ರಮವನ್ನೂ ಮರುರೂಪಿಸಿದರು. ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರಲ್ಲಿ ಕೆಲಸ ನಡೆಯುವಾಗ ಇನ್ನೊಂದರಲ್ಲಿ ದಾದಿಯರು ಮುಂದಿನ ರೋಗಿಯನ್ನು ಸಿದ್ಧಮಾಡುತ್ತಾರೆ. ಹಣ ಕೊಡಬಲ್ಲವರ ಶುಲ್ಕದಿಂದ ಕೊಡಲಾರದವರ ಚಿಕಿತ್ಸೆ ಉಚಿತವಾಗಿ ಅಥವಾ ಕಡಿಮೆ ದರದಲ್ಲಿ ನಡೆಯುತ್ತದೆ.

ಎರಡನೆಯದು ಜೈಪುರ ಕಾಲು. ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ 1960ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಪಶ್ಚಿಮದ ಕೃತಕ ಪಾದವನ್ನು ಶೂ ಒಳಗಿಟ್ಟು ಚಪ್ಪಟೆ ನೆಲದ ಮೇಲೆ ನಡೆಯುವವರಿಗಾಗಿ ಮಾಡಲಾಗಿತ್ತು. ನಮ್ಮ ರೈತ ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು. ಅದಕ್ಕೆ ಪಾದ ಹಲವು ದಿಕ್ಕುಗಳಲ್ಲಿ ಬಾಗಬೇಕು. ರಬ್ಬರ್ ಮತ್ತು ಮರದಿಂದ ಮಾಡಿದ ಈ ಪಾದಕ್ಕೆ ಅದು ಸಾಧ್ಯವಾಯಿತು. ಇದರ ವೆಚ್ಚ ಸುಮಾರು 30 ಡಾಲರ್, ಅಮೆರಿಕದಲ್ಲಿ ಕೃತಕ ಕಾಲಿಗೆ ಸುಮಾರು 8000 ಎಂದು ಪ್ರಹ್ಲಾದ್ ಹೋಲಿಸುತ್ತಿದ್ದರು. ಎರಡೂ ಒಂದೇ ವಸ್ತುವಲ್ಲವಾದ್ದರಿಂದ ಈ ಅನುಪಾತವನ್ನು ಹಾಗೆಯೇ ಒಪ್ಪಬೇಕಿಲ್ಲ. ಆದರೆ ಬೇಕಾದ ಕೆಲಸವನ್ನು ಅಗ್ಗದ ಕಾಲೇ ಹೆಚ್ಚು ಚೆನ್ನಾಗಿ ಮಾಡಿತು ಎಂಬುದು ಗಮನಾರ್ಹ.

ಇವೆರಡನ್ನೂ ಪ್ರಹ್ಲಾದ್ ಕಂಡುಹಿಡಿಯಲಿಲ್ಲ. ಅವರ ಬರಹಕ್ಕಿಂತ ಎಷ್ಟೋ ಮೊದಲೇ ಇವು ನಡೆಯುತ್ತಿದ್ದವು. ಬಿಡಿಬಿಡಿಯಾಗಿದ್ದ ಇಂಥ ಪ್ರಯತ್ನಗಳನ್ನು ತಮ್ಮ ವಿದ್ಯಾರ್ಥಿಗಳೊಡನೆ ಅಧ್ಯಯನ ಮಾಡಿ, ಅವುಗಳ ಹಿಂದಿನ ಸಾಮಾನ್ಯ ಸೂತ್ರವನ್ನು ಬರೆದದ್ದು ಅವರ ಕೊಡುಗೆ.

ಉಪ್ಪು ಮತ್ತು ನೀರು

ಅವರ ಪುಸ್ತಕದ ಇನ್ನೊಂದು ಉದಾಹರಣೆ ಅಯೋಡಿನ್ ಉಪ್ಪು. ಇದರ ಲೆಕ್ಕವನ್ನು ಪ್ರೌಢಶಾಲೆಯಲ್ಲೇ ಮಾಡಿಸಬಹುದು. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಅಯೋಡಿನ್ ಬೇಕು. ನಮ್ಮ ಕಾನೂನಿನ ಪ್ರಕಾರ ಕೊಳ್ಳುವವರ ಕೈ ಸೇರುವಾಗ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ 15 ಭಾಗ ಅಯೋಡಿನ್ ಇರಬೇಕು, ಅಂದರೆ ಗ್ರಾಮಿಗೆ 15 ಮೈಕ್ರೊಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ ಸರಿಯಾಗಿ 150 ಆಯಿತು. ತಯಾರಿಕೆಯ ಹಂತದಲ್ಲಿ ಈ ಪ್ರಮಾಣ 30 ಭಾಗ. ಪೊಟ್ಯಾಸಿಯಂ ಅಯೋಡೇಟಿನ ಅಣುಭಾರ 214, ಅದರಲ್ಲಿ ಅಯೋಡಿನ್ 127. ಹಾಗಾಗಿ ಒಂದು ಟನ್ ಉಪ್ಪಿಗೆ ಸುಮಾರು 50 ಗ್ರಾಂ ಅಯೋಡೇಟ್ ಸಾಕು. ಗಳಗಂಡವನ್ನು ತಡೆಯಲು ಇದು ತೀರ ಅಗ್ಗದ ಉಪಾಯ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಆರಂಭಿಸಿದ ಅಧ್ಯಯನ ಇದನ್ನು ತೋರಿಸಿಕೊಟ್ಟಿತ್ತು.

ತೊಡಕಿರುವುದು ಸಾಗಣೆಯಲ್ಲಿ ಮತ್ತು ಅಡುಗೆಯಲ್ಲಿ. ತೇವದಲ್ಲೂ ಮಸಾಲೆಯೊಡನೆ ಕುದಿಸುವಾಗಲೂ ಅಯೋಡಿನ್‌ನ ಒಂದು ಭಾಗ ನಷ್ಟವಾಗುತ್ತದೆ. ಹಿಂದುಸ್ತಾನ್ ಲಿವರ್ ಕಂಪನಿಯ ಸಂಶೋಧಕರು ‘ಕೆ-15’ ಎಂಬ ತಂತ್ರದಲ್ಲಿ ಅಯೋಡಿನ್ ಸಂಯುಕ್ತಕ್ಕೆ ರಕ್ಷಣೆಯ ಪದರ ಕೊಟ್ಟು, ಜಠರದ ಆಮ್ಲದಲ್ಲಿ ಮಾತ್ರ ಅದು ಬಿಡುಗಡೆಯಾಗುವಂತೆ ಮಾಡಿದರು. ಅನ್ನಪೂರ್ಣ ಎಂಬ ಹೆಸರಿನಲ್ಲಿ ಈ ಉಪ್ಪು ಮಾರಾಟವಾಯಿತು. ವಿಜ್ಞಾನ ಉತ್ತಮವಾಗಿತ್ತು. ಆದರೆ ವ್ಯಾಪಾರದಲ್ಲಿ ಅದು ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ, 2023ರಲ್ಲಿ ಕಂಪನಿ ಆ ಹೆಸರನ್ನೇ ಮಾರಿತು. ಭಾರತದ ಮನೆಮನೆಗೆ ಅಯೋಡಿನ್ ತಲುಪಿಸಿದ್ದರಲ್ಲಿ ಸರ್ಕಾರದ ಕಾನೂನು ಮತ್ತು ಸಾಮಾನ್ಯ ಅಯೋಡೇಟ್ ಉಪ್ಪಿನ ಪಾಲೇ ದೊಡ್ಡದು.

ನೀರಿನ ಕತೆಯೂ ಇಂಥದೇ. ಅದೇ ವರ್ಷಗಳಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 4 ಗ್ರಾಮಿನ ಒಂದು ಪುಡಿ ಪೊಟ್ಟಣ ತಂದಿತು. ಅದರಲ್ಲಿದ್ದ ಫೆರಿಕ್ ಸಲ್ಫೇಟ್ ಕೊಳೆಯನ್ನು ಗರಣೆಗಟ್ಟಿಸಿ ತಳಕ್ಕಿಳಿಸುತ್ತದೆ, ಕ್ಯಾಲ್ಸಿಯಂ ಹೈಪೊಕ್ಲೋರೈಟ್ ರೋಗಾಣುಗಳನ್ನು ಕೊಲ್ಲುತ್ತದೆ. 10 ಲೀಟರ್ ನೀರಿಗೆ ಹಾಕಿ ಕಲಕಿ, ಬಟ್ಟೆಯಲ್ಲಿ ಸೋಸಿ, 20 ನಿಮಿಷ ಕಾದರೆ ಕುಡಿಯಬಹುದು. ರಸಾಯನವಿಜ್ಞಾನದಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಬಡವರು ಇದನ್ನು ದಿನದಿನವೂ ಕೊಳ್ಳಲಿಲ್ಲ. ಇನ್ನೂ ಬಾರದ ಕಾಯಿಲೆಯನ್ನು ತಡೆಯಲು ಕೈಯಲ್ಲಿರುವ ಕಾಸನ್ನು ಯಾರೂ ಸುಲಭವಾಗಿ ಬಿಚ್ಚುವುದಿಲ್ಲ. ಕಂಪನಿ ಲಾಭದ ಆಸೆ ಬಿಟ್ಟು, ಸೇವಾ ಸಂಸ್ಥೆಗಳ ಮೂಲಕ ಅದನ್ನು ಹಂಚತೊಡಗಿತು.

ಏಕಮಾನದ ಜಗಳ

ಪ್ರಹ್ಲಾದರಿಗೆ ತೀಕ್ಷ್ಣ ವಿಮರ್ಶೆ ಬಂದದ್ದು ಅವರದೇ ವಿಶ್ವವಿದ್ಯಾಲಯದ ಅನೀಲ್ ಕರ್ನಾನಿ ಅವರಿಂದ, 2007ರಲ್ಲಿ. ತಳದ ಮಾರುಕಟ್ಟೆಯ ಗಾತ್ರ 13 ಲಕ್ಷ ಕೋಟಿ ಡಾಲರ್ ಎಂದು ಪ್ರಹ್ಲಾದ್ ಬರೆದಿದ್ದರು. ಕರ್ನಾನಿಯವರ ಲೆಕ್ಕ ಸರಳ: ದಿನಕ್ಕೆ ಎರಡು ಡಾಲರಿಗಿಂತ ಕಡಿಮೆ ಆದಾಯವಿರುವವರು 270 ಕೋಟಿ. ಅವರ ಸರಾಸರಿ ಬಳಕೆ ದಿನಕ್ಕೆ 1.25 ಡಾಲರ್. 365 ದಿನಗಳಿಂದ ಗುಣಿಸಿದರೆ ವರ್ಷಕ್ಕೆ ಸುಮಾರು 1.2 ಲಕ್ಷ ಕೋಟಿ ಡಾಲರ್. ಇದು ಕೂಡ ಖರೀದಿ ಶಕ್ತಿಯ ಸಮತೆಯ ಡಾಲರ್, ಅಂದರೆ ಆಯಾ ದೇಶದ ಅಗ್ಗದ ಬೆಲೆಗಳಿಗೆ ಹೊಂದಿಸಿದ ಲೆಕ್ಕ. ವಿದೇಶಿ ಕಂಪನಿ ತನ್ನ ದೇಶಕ್ಕೆ ಒಯ್ಯುವುದು ವಿನಿಮಯ ದರದ ಡಾಲರನ್ನು. ಹಾಗೆ ಪರಿವರ್ತಿಸಿದರೆ ಉಳಿಯುವುದು 0.3 ಲಕ್ಷ ಕೋಟಿಗಿಂತ ಕಡಿಮೆ. ಏಕಮಾನ ಬರೆಯದ ಉತ್ತರಕ್ಕೆ ಅಂಕವಿಲ್ಲ ಎಂದು ನಾವು ಮಕ್ಕಳಿಗೆ ಹೇಳುವುದು ಸುಮ್ಮನೆ ಅಲ್ಲ.

ಕರ್ನಾನಿಯವರ ಎರಡನೆಯ ಆಕ್ಷೇಪ ಇನ್ನೂ ಆಳವಾದುದು. ಶಾಂಪೂವನ್ನು ಒಂದು ರೂಪಾಯಿಯ ಸ್ಯಾಷೆಯಲ್ಲಿ ಕೊಟ್ಟರೆ ಕೊಳ್ಳುವುದು ಅನುಕೂಲವಾಗಬಹುದು, ಆದರೆ ಮಿಲಿಲೀಟರಿನ ಬೆಲೆ ಇಳಿಯದಿದ್ದರೆ ಬಡವನಿಗೆ ಉಳಿತಾಯವೇನೂ ಆಗದು. ಬಡವನ ಆದಾಯ ಹೆಚ್ಚಬೇಕಾದರೆ ಅವನು ಕೊಳ್ಳುವವನಾದರೆ ಸಾಲದು, ಉತ್ಪಾದಿಸುವವನೂ ಆಗಬೇಕು. ಇದಕ್ಕೆ ನಾವು ಇನ್ನೊಂದನ್ನು ಸೇರಿಸಬಹುದು. ಹಲವು ಪದರಗಳನ್ನು ಅಂಟಿಸಿ ಮಾಡಿದ ಆ ಸ್ಯಾಷೆಯನ್ನು ಬೇರ್ಪಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಅದರ ವಿಲೇವಾರಿಯ ವೆಚ್ಚ ಬೆಲೆ, ಲಾಭ, ವೆಚ್ಚ ಎಂಬ ಸಮೀಕರಣದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದು ನಮ್ಮ ಚರಂಡಿಗಳಲ್ಲಿ ಕಾಣುತ್ತದೆ.

ಪ್ರಹ್ಲಾದ್ ವಿಮರ್ಶೆಗೆ ಕಿವಿಗೊಡದವರಲ್ಲ. 2009ರಲ್ಲಿ ಪರಿಷ್ಕರಿಸಿದ ಪುಸ್ತಕದಲ್ಲಿ ಬಡವರನ್ನು ಉತ್ಪಾದಕರನ್ನಾಗಿಯೂ ನೋಡಬೇಕು ಎಂಬ ಮಾತಿಗೆ ಹೆಚ್ಚು ಒತ್ತು ಬಂತು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು. 2010ರ ಏಪ್ರಿಲ್ 16ರಂದು ಸ್ಯಾನ್ ಡಿಯೇಗೊದಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 68 ವರ್ಷ. ಸಿಎಸ್‌ಐಆರ್‌ನ ಮಹಾನಿರ್ದೇಶಕರಾಗಿದ್ದ ರಘುನಾಥ ಮಾಶೇಲ್ಕರ್ ಅವರೊಡನೆ ಬರೆದ ಲೇಖನ ಅವರ ಮರಣಾನಂತರ ಅದೇ ವರ್ಷ ಪ್ರಕಟವಾಯಿತು. ಕಡಿಮೆ ಸಂಪನ್ಮೂಲದಿಂದ ಹೆಚ್ಚು ಜನಕ್ಕೆ ಹೆಚ್ಚು ಒದಗಿಸುವ ಸಂಶೋಧನೆಗೆ ಅವರಿಬ್ಬರೂ ಗಾಂಧೀಜಿಯ ಹೆಸರನ್ನು ಜೋಡಿಸಿದ್ದರು.

ಷರತ್ತು ಮತ್ತು ಪರಿಹಾರ

ಬೆಲೆಯನ್ನು ಮೊದಲು ಬರೆಯುವ ಸೂತ್ರದ ಫಲಿತಾಂಶ ಆಮೇಲೂ ಮಿಶ್ರವಾಗಿಯೇ ಇದೆ. ಒಂದು ಲಕ್ಷ ರೂಪಾಯಿ ಎಂಬ ಬೆಲೆಯನ್ನು ಮೊದಲೇ ನಿಗದಿಮಾಡಿ 2009ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೊ ಕಾರಿನ ತಯಾರಿಕೆ 2018ರ ಹೊತ್ತಿಗೆ ಬಹುತೇಕ ನಿಂತಿತು. ಕಿರುಸಾಲದ ಕಂಪನಿಗಳ ವಸೂಲಿಯ ಒತ್ತಡ ಎಷ್ಟು ಬೆಳೆಯಿತೆಂದರೆ, 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅತ್ತ ಆರೋಲ್ಯಾಬ್‌ನ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತಿವೆ.

ಈ ಉದಾಹರಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮಸೂರ ಮತ್ತು ಕಾಲಿನ ವಿಷಯದಲ್ಲಿ ಬೆಲೆಯ ಷರತ್ತನ್ನು ಪೂರೈಸಲು ವಸ್ತು, ವಿನ್ಯಾಸ, ಕೆಲಸದ ಕ್ರಮ ಮೂರನ್ನೂ ಬುಡದಿಂದ ಯೋಚಿಸಲಾಯಿತು, ಬಳಸುವವನ ಬದುಕನ್ನೂ ಷರತ್ತಾಗಿ ಸೇರಿಸಲಾಯಿತು. ಸ್ಯಾಷೆಯಲ್ಲಿ ಬದಲಾದದ್ದು ಪೊಟ್ಟಣದ ಗಾತ್ರ ಮಾತ್ರ. ನೀರಿನ ಪುಡಿಯಲ್ಲಿ ರಸಾಯನವಿಜ್ಞಾನದ ಷರತ್ತು ಪೂರೈಸಿತು, ಮನುಷ್ಯ ಸ್ವಭಾವದ ಷರತ್ತನ್ನು ಯಾರೂ ಬರೆದಿರಲಿಲ್ಲ. ಪ್ರಹ್ಲಾದ್ ಕೊಟ್ಟದ್ದು ಪ್ರಶ್ನೆಯನ್ನು ಸರಿಯಾಗಿ ಬರೆಯುವ ಕ್ರಮ. ಅದರ ಉತ್ತರ ಪ್ರಯೋಗಾಲಯದಿಂದಲೂ ಆಸ್ಪತ್ರೆಯಿಂದಲೂ ಹೊಲದ ಬದುವಿನಿಂದಲೂ ಬರಬೇಕು.

ಶಿಕ್ಷಕರು ಇದನ್ನು ತರಗತಿಯಲ್ಲಿ ಒಂದು ಯೋಜನಾಕಾರ್ಯವಾಗಿ ಮಾಡಿಸಬಹುದು. ನಿಮ್ಮ ಊರಿನಲ್ಲಿ ಬೇಕಾಗಿದ್ದೂ ಹೆಚ್ಚಿನವರಿಗೆ ಎಟುಕದ ಒಂದು ಸಾಧನವನ್ನು ವಿದ್ಯಾರ್ಥಿಗಳೇ ಆರಿಸಲಿ. ಅದು ನೀರಿನ ಫ್ಲೋರೈಡ್ ಅಳೆಯುವ ಸಾಧನವಿರಬಹುದು, ತರಕಾರಿ ಎರಡು ದಿನ ಹೆಚ್ಚು ಕೆಡದಂತೆ ಇಡುವ ಪೆಟ್ಟಿಗೆಯಿರಬಹುದು. ಊರವರನ್ನು ಕೇಳಿ ಅವರು ಕೊಡಬಲ್ಲ ಬೆಲೆಯನ್ನು ಮೊದಲ ಸಾಲಿನಲ್ಲಿ ಬರೆಯಲಿ. ಎರಡನೆಯ ಸಾಲಿನಲ್ಲಿ ಬಳಸುವವರು ಯಾರು, ಹೇಗೆ ಬಳಸುತ್ತಾರೆ ಎಂದು ಬರೆಯಲಿ. ಮೂರನೆಯದರಲ್ಲಿ ಅದು ಹಾಳಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಬರಲಿ. ಆಮೇಲೆ ಭೌತವಿಜ್ಞಾನ, ರಸಾಯನವಿಜ್ಞಾನದ ಪುಸ್ತಕ ತೆರೆಯಲಿ. ಪರಿಹಾರ ಸಿಗದಿದ್ದರೂ ನಷ್ಟವಿಲ್ಲ. ಯಾವ ಷರತ್ತಿನಲ್ಲಿ ಲೆಕ್ಕ ಸಿಕ್ಕಿಕೊಂಡಿತು ಎಂಬುದನ್ನು ಅವರು ಖಚಿತವಾಗಿ ಬರೆದಿಟ್ಟರೆ, ಮುಂದಿನ ವರ್ಷದ ತಂಡ ಅಲ್ಲಿಂದಲೇ ಮುಂದುವರಿಯಬಹುದು.